ತೆನೆರೀಫೆಯ ಜ್ವಾಲಾಮುಖಿ ಬೆಟ್ಟಗಳಲ್ಲಿ ಗ್ರಾವೆಲ್ ಸೈಕಲ್: ಟಯರ್, ಗೇರ್, ಬ್ರೇಕ್ ಹೇಗಿರಬೇಕು?

ದೂಳುದಾರಿ:

ಏಪ್ರಿಲ್‌ನಲ್ಲಿ ಎಂಟು ದಿನ ಸ್ಪೇನಿನ ಕ್ಯಾನರಿ ದ್ವೀಪಗಳಲ್ಲೊಂದಾದ ತೆನೆರೀಫೆಯಲ್ಲಿ ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರಿಗೆ ಹೊಂದುವ ಅಗಲ ಟಯರಿನ ಸೈಕಲ್) ತುಳಿಯುವ ಯೋಜನೆ ಇದೆ. ಡಾಂಬರಿನಲ್ಲಿ ಅಲ್ಲಿನ ತೇಯ್ದೆ ಜ್ವಾಲಾಮುಖಿ ಹತ್ತುವ ಬಗ್ಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ, ಪೈನ್ ಕಾಡಿನ ಮಣ್ಣುದಾರಿಗಳ ಬಗ್ಗೆ ಸಿಗುವುದು ಕಡಿಮೆ. ನನ್ನ ಸೈಕಲ್‌ನಲ್ಲಿ ಈಗಿರುವುದು: ಮುಂದೆ ಪೆಡಲಿನ ಬಳಿ ಒಂದೇ 40 ಹಲ್ಲಿನ ಚೈನ್‌ರಿಂಗ್, ಹಿಂದೆ 11ರಿಂದ 42 ಹಲ್ಲಿನವರೆಗಿನ ಗೇರ್ ಚಕ್ರಗಳ ಕ್ಯಾಸೆಟ್, 40 ಮಿ.ಮೀ. ಟ್ಯೂಬ್‌ಲೆಸ್ ಟಯರ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್, 160 ಮಿ.ಮೀ. ರೋಟರ್ (ಬ್ರೇಕ್ ಹಿಡಿಯುವ ಲೋಹದ ತಟ್ಟೆ), ರೆಸಿನ್ ಪ್ಯಾಡ್ (ರಾಳ ಬೆರೆಸಿದ ಬ್ರೇಕ್ ಪ್ಯಾಡ್). ಸವಾರ, ಸೈಕಲ್, ಸಾಮಾನು ಎಲ್ಲ ಸೇರಿ 90 ಕೆ.ಜಿ. ಫ್ರೇಮು ಮತ್ತು ಫೋರ್ಕಿನಲ್ಲಿ 50 ಮಿ.ಮೀ. ಟಯರ್‌ವರೆಗೆ ಜಾಗವಿದೆ. ಏನನ್ನು ಬದಲಿಸಲೇಬೇಕು, ಏನನ್ನು ಹಾಗೇ ಬಿಡಬಹುದು? ಯಾವ ದಾರಿಗಳಲ್ಲಿ ಸೈಕಲ್ ಬಿಡುತ್ತಾರೆ? ರಾತ್ರಿ ಕಾಡಿನಲ್ಲಿ ಟೆಂಟ್ ಹಾಕಬಹುದೇ?

ಕಡಿದಾದ ಏರು:

ಎಲ್ಲರೂ ಟಯರ್‌ನಿಂದ ಶುರು ಮಾಡುತ್ತಾರೆ. ಈ ದ್ವೀಪಕ್ಕೆ ಹೋಗುವವರು ಬ್ರೇಕ್‌ನಿಂದ ಶುರು ಮಾಡಬೇಕು. ದ್ವೀಪದ ವಿಸ್ತೀರ್ಣ ಸುಮಾರು 2,034 ಚದರ ಕಿ.ಮೀ., ತೇಯ್ದೆಯ ಎತ್ತರ 3,715 ಮೀಟರ್. ಇಷ್ಟು ಚಿಕ್ಕ ನೆಲದಲ್ಲಿ ಇಷ್ಟು ಎತ್ತರ ಇದ್ದರೆ ಇಳಿಜಾರು ಮಧ್ಯೆ ಎಲ್ಲೂ ಬಿಡುವು ಕೊಡುವುದಿಲ್ಲ. ತೇಯ್ದೆಯತ್ತ ಹತ್ತುವ ಟಿಎಫ್-21 ಡಾಂಬರು ರಸ್ತೆಯ ಮೇಲ್ತುದಿ ಸುಮಾರು 2,300 ಮೀಟರ್. ಅಲ್ಲಿಂದ ಕಡಲತೀರಕ್ಕೆ 90 ಕೆ.ಜಿ. ಇಳಿಸುವುದೆಂದರೆ ಸುಮಾರು 20 ಲಕ್ಷ ಜೂಲ್. ಆರು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವ ಶಾಖ ಅದು. ಡಾಂಬರಿನಲ್ಲಿ ವೇಗ ಇರುವುದರಿಂದ ಅದರಲ್ಲಿ ದೊಡ್ಡ ಪಾಲನ್ನು ಗಾಳಿ ನುಂಗುತ್ತದೆ. ಸಡಿಲ ಕಲ್ಲಿನ ಮೇಲೆ ಗಂಟೆಗೆ 15-20 ಕಿ.ಮೀ.ನಲ್ಲಿ ಇಳಿಯುವಾಗ ಗಾಳಿಯ ಸಹಾಯ ಇಲ್ಲ, ಬಹುಪಾಲು ಶಾಖ ರೋಟರ್‌ಗೇ ಬರುತ್ತದೆ.

ರೆಸಿನ್ ಪ್ಯಾಡ್ ಅತಿಯಾಗಿ ಕಾದರೆ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ಸುಟ್ಟ ವಾಸನೆ, ಕೀರಲು ಸದ್ದು, ಎಷ್ಟು ಒತ್ತಿದರೂ ಹಿಡಿತ ಇಲ್ಲ. ಸಿಂಟರ್ಡ್ ಪ್ಯಾಡ್, ಅಂದರೆ ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ ಪ್ಯಾಡ್ ಹಾಕಿಸಿ. ಅದಕ್ಕೂ ಮೊದಲು ರೋಟರ್ ನೋಡಿ: ರೆಸಿನ್ ಪ್ಯಾಡ್ ಮಾತ್ರ ಎಂದು ಅದರ ಮೇಲೆ ಒತ್ತಿದ್ದರೆ ರೋಟರನ್ನೂ ಬದಲಿಸಬೇಕು, ಇಲ್ಲವಾದರೆ ಲೋಹದ ಪ್ಯಾಡ್ ಅದನ್ನು ಬೇಗ ತಿಂದುಹಾಕುತ್ತದೆ. ಫೋರ್ಕ್ ತಯಾರಕರು ಅನುಮತಿಸಿದ್ದರೆ ಮುಂದಕ್ಕೆ 180 ಮಿ.ಮೀ. ರೋಟರ್ ಹಾಕಿ. ಹಿಂದಿನದು 160 ಇದ್ದರೆ ಸಾಕು. ಹೊಸ ಪ್ಯಾಡನ್ನು ಹೊರಡುವ ಮುಂಚೆಯೇ ಹದಕ್ಕೆ ತನ್ನಿ: ಸಮತಟ್ಟಾದ ಕಡೆ ಗಂಟೆಗೆ 20-25 ಕಿ.ಮೀ.ನಿಂದ ನಡಿಗೆಯ ವೇಗಕ್ಕೆ, ಪೂರ್ತಿ ನಿಲ್ಲಿಸದೆ, 15-20 ಸಲ.

ಇಳಿಯುವಾಗ ಬ್ರೇಕನ್ನು ಸದಾ ಸವರಿಕೊಂಡಿರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಆಮೇಲೆ ಪೂರ್ತಿ ಬಿಡಿ. ಬಿಟ್ಟ ಆ ಕೆಲವು ಸೆಕೆಂಡುಗಳಲ್ಲೇ ರೋಟರ್ ತಣಿಯುವುದು. ಸುಮಾರು 500 ಮೀಟರ್ ಎತ್ತರ ಇಳಿದ ಮೇಲೆ ಐದು ನಿಮಿಷ ನಿಲ್ಲಿ. ಕಾದ ರೋಟರ್ ಮೇಲೆ ನೀರು ಹಾಕಿದರೆ ಸೊಟ್ಟಗಾಗಬಹುದು, ಹಾಕಬೇಡಿ. ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೆ ಬಂದರೆ ಒಳಗಿನ ದ್ರವ ಕುದಿದಿದೆ ಅಥವಾ ಗಾಳಿ ಸೇರಿದೆ ಎಂದರ್ಥ. ತಣಿದ ಮೇಲೂ ಹಾಗೇ ಇದ್ದರೆ ಅವತ್ತಿನ ಮಣ್ಣುದಾರಿ ಮುಗಿಯಿತು.

ಗೇರ್ ವಿಷಯ. 40×42ರಲ್ಲಿ, ಅಂದರೆ ಮುಂದೆ 40, ಹಿಂದೆ 42 ಹಲ್ಲಿನ ನಿಮ್ಮ ಅತಿ ಹಗುರ ಗೇರಿನಲ್ಲಿ, ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 7.5 ಕಿ.ಮೀ. ಶೇ. 12ರ ಸಡಿಲ ಏರಿನಲ್ಲಿ ನಿಮ್ಮ 90 ಕೆ.ಜಿ.ಗೆ ಅದು 250 ವಾಟ್ ದಾಟುತ್ತದೆ. ಅಷ್ಟು ಶಕ್ತಿಯನ್ನು ಒಂದು ಗಂಟೆ ಕೊಡಬಲ್ಲವರು ಕಡಿಮೆ. ಹಿಂದೆ 51 ಹಲ್ಲು ಇದ್ದರೆ ಅದೇ ಏರು ಸುಮಾರು 210 ವಾಟ್‌ನಲ್ಲಿ ಆಗುತ್ತದೆ. ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) 51ಕ್ಕೆ ಹೊಂದದಿದ್ದರೆ ಚೈನ್‌ರಿಂಗನ್ನು 34 ಅಥವಾ 36ಕ್ಕೆ ಇಳಿಸಿ, ಚೈನನ್ನು ಅದಕ್ಕೆ ತಕ್ಕಂತೆ ಕತ್ತರಿಸಿ. ಖರ್ಚು ಕಡಿಮೆ, ಫಲ ಹೆಚ್ಚುಕಡಿಮೆ ಒಂದೇ. ಟಯರ್ 45 ಮಿ.ಮೀ. ಸಾಕು.

ಬೆಣಚುಕಲ್ಲು:

ಬ್ರೇಕ್, ಗೇರ್ ಬಗ್ಗೆ ಮೇಲಿನವರು ಬರೆದದ್ದನ್ನು ಪೂರ್ತಿ ಒಪ್ಪುತ್ತೇನೆ. ಟಯರ್ ಮಾತ್ರ 45 ಸಾಲದು, ಜಾಗ ಇರುವಾಗ 50 ಹಾಕಿ.

ಕಾರಣ ಅಲ್ಲಿನ ನೆಲ. ಸಾಮಾನ್ಯ ಮಣ್ಣುದಾರಿಯ ಜಲ್ಲಿ ಮಣ್ಣಿನೊಂದಿಗೆ ಸೇರಿ, ಗಾಡಿ ಓಡಾಡಿದರೆ ಅದುಮಿ ಕೂರುತ್ತದೆ. ಜ್ವಾಲಾಮುಖಿ ಉಗುಳಿದ ಲಾಪಿಲ್ಲಿ ಹಾಗಲ್ಲ. ಅಲ್ಲಿಯವರು ಅದನ್ನು ಪಿಕೋನ್ ಎನ್ನುತ್ತಾರೆ. ಕಡಲೆಕಾಳಿನಿಂದ ಅಡಿಕೆಯಷ್ಟು ದಪ್ಪದ ಕಪ್ಪು ಅಥವಾ ಕೆಂಪು ಹರಳು, ಮೈಯೆಲ್ಲ ತೂತು, ಹಗುರ, ಅಂಚು ಚೂಪು. ಎಷ್ಟು ತುಳಿದರೂ ಗಟ್ಟಿಯಾಗದೆ ಚಕ್ರದ ಕೆಳಗೆ ಸರಿಯುತ್ತಲೇ ಇರುತ್ತದೆ. ಆಳ ತಿಳಿಯಬೇಕಾದರೆ ಇಳಿದು ಹಿಮ್ಮಡಿ ಊರಿ ನೋಡಿ. ಬೂಟಿನ ಅಡಿ ಮಾತ್ರ ಹೂತರೆ ತುಳಿಯಬಹುದು, ಪಾದ ಪೂರ್ತಿ ಹೂತರೆ ತಳ್ಳುವುದೇ ಬೇಗ. ತುಳಿಯುವಾಗ ಮೈಭಾರ ಹಿಂದಕ್ಕಿರಲಿ, ಹ್ಯಾಂಡಲ್ ಮೇಲೆ ಕೈ ಹಗುರವಾಗಿರಲಿ, ಹ್ಯಾಂಡಲ್ ತಿರುಗಿಸದೆ ಸೊಂಟದಿಂದ ದಿಕ್ಕು ಬದಲಿಸಿ. ಮುಂದಿನ ಚಕ್ರ ಅಡ್ಡಕ್ಕೆ ತಿರುಗಿದರೆ ನೇಗಿಲಿನಂತೆ ನೆಲಕ್ಕೆ ಇಳಿಯುತ್ತದೆ, ಸವಾರ ಮುಂದಕ್ಕೆ ಬೀಳುತ್ತಾನೆ.

50 ಮಿ.ಮೀ. ಟಯರ್‌ಗೆ ಮುಂದೆ 26, ಹಿಂದೆ 29 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಂದ ಶುರು ಮಾಡಿ. ಎತ್ತರಕ್ಕೆ ಹೋದರೆ ಗಾಳಿ ಬಿಡಬೇಕೇ ಎಂದು ಹಲವರು ಕೇಳುತ್ತಾರೆ. 2,300 ಮೀಟರ್‌ನಲ್ಲಿ ಹೊರಗಿನ ಒತ್ತಡ ಕಡಿಮೆ ಇರುವುದರಿಂದ ಗೇಜ್ ಸುಮಾರು 3.5 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಆದರೆ ಅಲ್ಲಿ 15 ಡಿಗ್ರಿ ತಂಪಿದ್ದರೆ 2ಕ್ಕಿಂತ ತುಸು ಹೆಚ್ಚು ಕಳೆಯುತ್ತದೆ. ಉಳಿಯುವುದು 1 ಚಿಲ್ಲರೆ, ಅದನ್ನು ಮುಟ್ಟಬೇಕಿಲ್ಲ.

ಪಂಕ್ಚರ್ ಬಗ್ಗೆ ಒಂದು ಎಚ್ಚರಿಕೆ. ಬಸಾಲ್ಟ್ ಎಂಬ ಗಟ್ಟಿ ಲಾವಾ ಕಲ್ಲಿನ ಅಂಚು ಟಯರಿನ ನೆಲಕ್ಕೆ ತಾಗುವ ಭಾಗಕ್ಕಿಂತ ಹೆಚ್ಚಾಗಿ ಪಕ್ಕದ ಗೋಡೆಯನ್ನು ಸೀಳುತ್ತದೆ. ಅದು ಸೀಲೆಂಟ್ (ಟ್ಯೂಬ್‌ಲೆಸ್ ಟಯರ್ ಒಳಗೆ ಹಾಕುವ, ತೂತು ಮುಚ್ಚುವ ದ್ರವ) ತುಂಬುವಂಥ ತೂತಲ್ಲ. ಗೋಡೆಗೆ ಬಲವರ್ಧಿತ ಪದರ ಇರುವ ಟಯರನ್ನೇ ಕೊಳ್ಳಿ, 50-60 ಗ್ರಾಂ ಹೆಚ್ಚಾದರೂ ಪರವಾಗಿಲ್ಲ. ಚಕ್ರಕ್ಕೆ 80 ಮಿ.ಲೀ. ಸೀಲೆಂಟ್, ತೂತಿಗೆ ತುರುಕುವ ಎರಡು ಗಾತ್ರದ ಪ್ಲಗ್, ದಪ್ಪ ಸೂಜಿ, ಗಟ್ಟಿ ನೈಲಾನ್ ದಾರ, ಸೀಳಿಗೆ ಒಳಗಿನಿಂದ ಇಡಲು ಟಯರ್ ಬೂಟ್ ಎಂಬ ಗಟ್ಟಿ ತೇಪೆ, ಒಂದು ಟ್ಯೂಬ್. ಸೀಳನ್ನು ಹೊಲಿದು, ಒಳಗೆ ಬೂಟ್ ಇಟ್ಟು, ಟ್ಯೂಬ್ ಹಾಕಿ. ಟ್ಯೂಬ್ ಹಾಕುವ ಮುನ್ನ ಟಯರ್ ಒಳಗೆ ಕೈಯಾಡಿಸಿ ಹಳೆಯ ಮುಳ್ಳು, ಕಲ್ಲಿನ ಚೂರು ತೆಗೆಯದಿದ್ದರೆ ಅದೇ ಟ್ಯೂಬನ್ನು ಚುಚ್ಚುತ್ತದೆ.

ಇನ್ನೊಂದು ಕಾಟ ಪೈನ್ ಸೂಜಿ, ಅಲ್ಲಿಯ ಹೆಸರು ಪಿನೋಚಾ. ಕ್ಯಾನರಿ ಪೈನ್‌ನ ಸೂಜಿಗಳು ಮೂರು ಮೂರರ ಗೊಂಚಲು, ಗೇಣುದ್ದ. ಒಣಗಿದ್ದರೆ ಹುಲ್ಲಿನ ಹಾಸಿನಂತೆ ಜಾರುತ್ತವೆ, ಅಡಿಯಲ್ಲಿರುವ ಗುಂಡಿಯನ್ನು ಮುಚ್ಚಿಡುತ್ತವೆ. ಡಿರೇಲರ್‌ನ ಕೆಳಗಿನ ಪುಟ್ಟ ಚಕ್ರಕ್ಕೆ ಸಿಕ್ಕಿಕೊಂಡರೆ ಮೊದಲು ಸಣ್ಣ ಸರಪರ ಸದ್ದು, ಆಮೇಲೆ ಚೈನ್ ಎಗರುತ್ತದೆ. ಆ ಸದ್ದು ಕೇಳಿದ ಕೂಡಲೇ ನಿಂತು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಸೂಜಿಗಳನ್ನು ಎಳೆದು ತೆಗೆಯಿರಿ. ಒತ್ತಾಯದಿಂದ ತುಳಿದರೆ ಡಿರೇಲರನ್ನು ಫ್ರೇಮಿಗೆ ಕೂಡಿಸುವ ಹ್ಯಾಂಗರ್ ಮುರಿಯುತ್ತದೆ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಬಗೆ, ಆದ್ದರಿಂದ ನಿಮ್ಮ ಫ್ರೇಮಿನದೇ ಒಂದು ಬಿಡಿ ಹ್ಯಾಂಗರ್ ಜೊತೆಗಿರಲಿ. ಚೈನಿಗೆ ಎಣ್ಣೆ ಬೇಡ, ಮೇಣ ಹಾಕಿ. ಬೂದಿಯ ಕಣ ಗಾಜಿನ ಚೂರಿನಂತೆ, ಎಣ್ಣೆ ಸೇರಿದರೆ ಚೈನ್ ಅರೆಯುವ ಪೇಸ್ಟ್ ಆಗುತ್ತದೆ.

ಹಬ್ ಬೇರಿಂಗ್:

ದಾರಿ, ನೀರು, ಟೆಂಟ್ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಇದು.

ತೇಯ್ದೆಯ ಸುತ್ತಲಿನ ಬೋಗುಣಿಯಾಕಾರದ ಎತ್ತರದ ಬಯಲು ತೇಯ್ದೆ ರಾಷ್ಟ್ರೀಯ ಉದ್ಯಾನ, ಘೋಷಣೆಯಾದದ್ದು 1954ರಲ್ಲಿ, 2007ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿ ಟೆಂಟ್ ಹಾಕುವಂತಿಲ್ಲ. ಸೈಕಲ್ ರಸ್ತೆಯ ಮೇಲೇ ಇರಲಿ, ಕಾಲುದಾರಿಗೆ ಇಳಿಸಬೇಡಿ. ಗ್ರಾವೆಲ್ ಇರುವುದು ಅದನ್ನು ಸುತ್ತುವರಿದ ಕೊರೋನಾ ಫೊರೆಸ್ತಾಲ್ ಎಂಬ ಪೈನ್ ಕಾಡಿನಲ್ಲಿ. ಅಲ್ಲಿ ಸೈಕಲ್‌ಗೆ ಬಿಟ್ಟ ದಾರಿಗಳಿಗೆ ಬಿಕಾ ಎಂಬ ಫಲಕ ಇರುತ್ತದೆ. ಬಿಳಿ-ಕೆಂಪು ಪಟ್ಟಿಯ ಜಿಆರ್-131 ನಡೆಯುವವರ ದಾರಿ. ಫೋನಿನ ನಕ್ಷೆಯಲ್ಲಿ ಎರಡೂ ಒಂದೇ ಬಗೆಯ ಗೆರೆಯಾಗಿ ಕಾಣಬಹುದು, ಸ್ಥಳದಲ್ಲಿರುವ ಫಲಕವನ್ನೇ ನಂಬಿ. ಉತ್ತರದಲ್ಲಿ ಲಾ ಒರೊತಾವಾ ಮೇಲಿನ ಲಾ ಕಾಲ್ದೆರಾ, ಸುಮಾರು 1,200 ಮೀಟರ್, ಒಳ್ಳೆಯ ನೆಲೆ. ದಕ್ಷಿಣದಲ್ಲಿ ಸುಮಾರು 1,400 ಮೀಟರ್ ಎತ್ತರದ ವಿಲಾಫ್ಲೋರ್ ಊರು.

ಉತ್ತರ, ದಕ್ಷಿಣ ಎರಡು ಬೇರೆ ದ್ವೀಪಗಳಿದ್ದಂತೆ. ಈಶಾನ್ಯದ ವಾಣಿಜ್ಯ ಮಾರುತ ತರುವ ಮೋಡ ಉತ್ತರದ ಮಗ್ಗುಲಿಗೆ ಸುಮಾರು 800ರಿಂದ 1,500 ಮೀಟರ್ ನಡುವೆ ಒರಗಿ ನಿಲ್ಲುತ್ತದೆ. ಪೈನ್ ಸೂಜಿಗಳು ಆ ಮಂಜನ್ನು ಹಿಡಿದು ಹನಿಯಾಗಿ ಉದುರಿಸುತ್ತವೆ. ಮಳೆ ಇಲ್ಲದ ದಿನವೂ ಮರದಡಿಯ ದಾರಿ ಒದ್ದೆ, ಹತ್ತು ಮೀಟರ್ ಆಚೆ ಒಣದೂಳು. ಮೋಡದ ಮೇಲೆ ಸುಡುಬಿಸಿಲು, ಇಳಿಯುವಾಗ ಚಳಿ. ಗಾಳಿತಡೆ ಜಾಕೆಟ್, ಪೂರ್ತಿ ಬೆರಳಿನ ಕೈಗವಸು ಏಪ್ರಿಲ್‌ನಲ್ಲೂ ಬೇಕು.

ನೆಲ ರಂಧ್ರಮಯ, ಮಳೆ ಬಿದ್ದದ್ದು ಒಳಗೇ ಇಳಿಯುತ್ತದೆ, ತೊರೆ ಸಿಗುವುದಿಲ್ಲ. ಅದಕ್ಕೇ ಅಲ್ಲಿ ನೀರಿಗಾಗಿ ಬೆಟ್ಟದೊಳಕ್ಕೆ ಸಾವಿರಕ್ಕೂ ಹೆಚ್ಚು ಅಡ್ಡ ಸುರಂಗ ಕೊರೆದಿದ್ದಾರೆ. ಅವುಗಳ ಬಾಯಿ ಮಣ್ಣುದಾರಿಯ ಪಕ್ಕದಲ್ಲೇ ಕಾಣುತ್ತದೆ. ನೆರಳಿಗೆಂದೂ ಒಳಗೆ ಕಾಲಿಡಬೇಡಿ. ಜ್ವಾಲಾಮುಖಿಯ ಅನಿಲ ತುಂಬಿ ಆಮ್ಲಜನಕ ಇಲ್ಲದೆ ಜನ ಸತ್ತಿದ್ದಾರೆ, 2007ರಲ್ಲಿ ಒಂದೇ ಸುರಂಗದಲ್ಲಿ ಆರು ಮಂದಿ. ಮೂರು ಲೀಟರ್ ಹೊತ್ತುಕೊಂಡೇ ಹೊರಡಿ. ವಿಶ್ರಾಂತಿ ತಾಣಗಳ ನಲ್ಲಿಯನ್ನು ನೆಚ್ಚಿಕೊಳ್ಳಬೇಡಿ.

ಟೆಂಟ್‌ಗೆ ಗುರುತಿಸಿದ ಜಾಗಗಳಿವೆ. ದ್ವೀಪದ ಆಡಳಿತವಾದ ಕಬಿಲ್ದೊದಿಂದ ಮೊದಲೇ ಅನುಮತಿ ಪಡೆಯಬೇಕು. ಸಹಾರಾದ ದೂಳುಗಾಳಿ, ಅಂದರೆ ಕಲಿಮಾ, ಬೀಸಿ ಬೆಂಕಿಯ ಭಯ ಹೆಚ್ಚಾದರೆ ಕಾಡಿನ ದಾರಿಗಳನ್ನೇ ಮುಚ್ಚುತ್ತಾರೆ. 2023ರ ಆಗಸ್ಟ್‌ನ ಕಾಳ್ಗಿಚ್ಚಿನ ನಂತರ ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪ್ರತಿದಿನ ಬೆಳಿಗ್ಗೆ ಸೂಚನೆ ನೋಡಿ. ಊರ ಹೊರಗಿನ ರಸ್ತೆಯಲ್ಲಿ ಹೆಲ್ಮೆಟ್ ಕಡ್ಡಾಯ. ತುರ್ತಿಗೆ 112.

ದೂಳುದಾರಿ:

ಎಲ್ಲರಿಗೂ ತುಂಬಾ ಧನ್ಯವಾದ. ರೋಟರ್ ಮೇಲೆ ರೆಸಿನ್ ಮಾತ್ರ ಎಂದೇ ಇದೆ, ರೋಟರ್, ಪ್ಯಾಡ್ ಎರಡನ್ನೂ ಬದಲಿಸುತ್ತೇನೆ. ಟಯರ್ 50, ಚೈನ್‌ರಿಂಗ್ 34. ಒಂದೇ ಸಂದೇಹ: ಮಣ್ಣುದಾರಿಯಲ್ಲಿ ಹತ್ತಿ ಡಾಂಬರಿನಲ್ಲಿ ಇಳಿಯುವುದೋ, ತಿರುಗಾಮುರುಗವೋ?

ಕಡಿದಾದ ಏರು:

ಮೊದಲ ಎರಡು ದಿನ ಮಣ್ಣಿನಲ್ಲಿ ಹತ್ತಿ, ಡಾಂಬರಿನಲ್ಲಿ ಇಳಿಯಿರಿ. ನಿಧಾನವಾಗಿ ಹತ್ತುವಾಗ ಪಿಕೋನ್ ಎಲ್ಲಿ ಆಳವಾಗಿದೆ, ಯಾವ ತಿರುವಿನಲ್ಲಿ ಸೂಜಿ ಹಾಸಿದೆ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ, ಹೊರಡುವ ಮುಂಚೆ ಹದಕ್ಕೆ ತಂದ ಹೊಸ ಪ್ಯಾಡ್ ಕೂಡ ಡಾಂಬರಿನ ಮೇಲೆ ಇನ್ನಷ್ಟು ಹದವಾಗುತ್ತದೆ. ಮೂರನೇ ದಿನದಿಂದ ಹತ್ತಿ ನೋಡಿದ ದಾರಿಯಲ್ಲಷ್ಟೇ ಇಳಿಯಿರಿ. ಪ್ಯಾಡಿನ ದಪ್ಪವನ್ನು ದಿನಾ ಸಂಜೆ ನೋಡಿ. ಅರ್ಧ ಮಿ.ಮೀ.ಗೆ ಬಂದಿದ್ದರೆ ಮರುದಿನಕ್ಕೆ ಹೊಸದು.