ಹೊರಗೆ ಚಳಿ ಇದ್ದರೂ ಹೀಟ್ ಪಂಪ್‌ಗೆ ಶಾಖ ಎಲ್ಲಿಂದ ಸಿಗುತ್ತದೆ? ಬಳಸಿದವರು ಹೇಳಿ

ಪ್ರಶ್ನೆ: ಮನೆ ಬೆಚ್ಚಗಿಡಲು ಹೊಸದಾಗಿ ಹೀಟ್ ಪಂಪ್ ಹಾಕಿಸಿದ್ದೇವೆ. ಸೊನ್ನೆ ಡಿಗ್ರಿ ಗಾಳಿಯಿಂದಲೂ ಶಾಖ ತೆಗೆಯುತ್ತದೆ ಅಂತಾರೆ. ಅದು ಹೇಗೆ? ರೇಡಿಯೇಟರ್ (ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಫಲಕ) ಮುಟ್ಟಿದರೆ ಉಗುರುಬೆಚ್ಚಗಿದೆ, ಹಳೆಯ ಬಾಯ್ಲರ್ ಇದ್ದಾಗಿನಷ್ಟು ಸುಡುವುದಿಲ್ಲ. ರಾತ್ರಿ ಆಫ್ ಮಾಡಬೇಕಾ?

ಉತ್ತರ: ಸೊನ್ನೆ ಡಿಗ್ರಿ ಗಾಳಿಯಲ್ಲೂ ಬೇಕಾದಷ್ಟು ಶಾಖ ಇದೆ. ಅದನ್ನು ಹೀರಲು ಗಾಳಿಗಿಂತ ತಣ್ಣಗಿರುವ ವಸ್ತು ಬೇಕು, ಅಷ್ಟೇ. ಹೊರಗಿನ ಪೆಟ್ಟಿಗೆಯ ಕಾಯಿಲ್‌ನಲ್ಲಿ ಓಡುವ ಗ್ಯಾಸ್‌ನದ್ದು ಅದೇ ಕೆಲಸ. ಈಗಿನ ಹಲವು ಯಂತ್ರಗಳಲ್ಲಿ ಇರುವುದು ಪ್ರೊಪೇನ್. ಸಾಮಾನ್ಯ ಒತ್ತಡದಲ್ಲಿ ಅದು ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ. ಅದಕ್ಕೆ ಚಳಿಗಾಳಿಯೂ ಬಿಸಿಯೇ. ಗಾಳಿಯ ಶಾಖ ಹೀರಿ ಆವಿಯಾಗುತ್ತದೆ, ಆ ಆವಿಯನ್ನು ಕಂಪ್ರೆಸರ್ ಒತ್ತುತ್ತದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದಲ್ವಾ, ಹಾಗೆ ಆವಿಯ ಬಿಸಿ ಏರುತ್ತದೆ. ಆ ಬಿಸಿಯನ್ನು ರೇಡಿಯೇಟರ್ ನೀರಿಗೆ ಕೊಟ್ಟು ಮತ್ತೆ ದ್ರವವಾಗುತ್ತದೆ. ಆಮೇಲೆ ಒಂದು ಕಿರಿದಾದ ವಾಲ್ವ್ ದಾಟುವಾಗ ಒತ್ತಡ ಇಳಿದು, ತಣ್ಣಗಾಗಿ, ಹೊರಗಿನ ಕಾಯಿಲ್‌ಗೆ ವಾಪಸ್.

ಅಂದರೆ ಕರೆಂಟ್ ಶಾಖವನ್ನು ಹುಟ್ಟಿಸುತ್ತಿಲ್ಲ, ಹೊರಗಿನಿಂದ ಒಳಗೆ ಸಾಗಿಸುತ್ತಿದೆ. ಮಾಮೂಲಿ ಹೀಟರ್ 1 ಯೂನಿಟ್ ಕರೆಂಟಿಗೆ 1 ಯೂನಿಟ್ ಶಾಖ ಕೊಟ್ಟರೆ, ಚೆನ್ನಾಗಿ ಹೊಂದಿಸಿದ ಹೀಟ್ ಪಂಪ್ ಸುಮಾರು 3 ಯೂನಿಟ್ ಕೊಡುತ್ತದೆ.

ಇಲ್ಲೇ ನಿಮ್ಮ ಉಗುರುಬೆಚ್ಚಗಿನ ರೇಡಿಯೇಟರ್ ವಿಷಯ ಬರುವುದು. ಹೊರಗಿನ ಗಾಳಿಗೂ ಒಳಗಿನ ನೀರಿಗೂ ಅಂತರ ಹೆಚ್ಚಿದಷ್ಟೂ ಕಂಪ್ರೆಸರ್ ಜಾಸ್ತಿ ದುಡಿಯಬೇಕು. 55 ಡಿಗ್ರಿ ನೀರಿಗಿಂತ 35 ಡಿಗ್ರಿ ನೀರು ತುಂಬಾ ಅಗ್ಗ. ದಯವಿಟ್ಟು ರೇಡಿಯೇಟರ್ ಮುಟ್ಟಿ ಅಳೆಯಬೇಡಿ, ಕೋಣೆಯ ಥರ್ಮಾಮೀಟರ್ ನೋಡಿ. ಕೋಣೆ ಬೆಚ್ಚಗಿದ್ದರೆ ಯಂತ್ರ ಸರಿಯಾಗಿಯೇ ಇದೆ. ನಾವು ನೀರಿನ ಬಿಸಿಯನ್ನು ಒಂದೊಂದೇ ಡಿಗ್ರಿ ಇಳಿಸುತ್ತಾ ಬಂದೆವು. ಒಂದು ಕೋಣೆ ತಣ್ಣಗಾಯಿತು ಅನ್ನಿಸಿದಾಗ ಒಂದು ಡಿಗ್ರಿ ಏರಿಸಿ ನಿಲ್ಲಿಸಿದೆವು. ಬಿಲ್‌ನಲ್ಲಿ ವ್ಯತ್ಯಾಸ ಚೆನ್ನಾಗಿಯೇ ಕಂಡಿತು.

ಇನ್ನೊಬ್ಬರ ಉತ್ತರ: ಮೇಲೆ ಹೇಳಿದ್ದು ನಿಜ. ರಾತ್ರಿ ಪೂರ್ತಿ ಆಫ್ ಮಾಡಬೇಡಿ. ತಣ್ಣಗಾದ ಮನೆಯನ್ನು ಬೆಳಿಗ್ಗೆ ಬೇಗ ಬಿಸಿ ಮಾಡಲು ಯಂತ್ರ ನೀರನ್ನು ಜಾಸ್ತಿ ಕಾಯಿಸುತ್ತದೆ. ಕೆಲವು ಯಂತ್ರಗಳಲ್ಲಿ ಒಳಗಿನ ಕರೆಂಟ್ ಹೀಟರ್ ಕೂಡ ಆನ್ ಆಗುತ್ತದೆ, ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು. ನಾವು ರಾತ್ರಿ ಒಂದೆರಡು ಡಿಗ್ರಿ ಮಾತ್ರ ಇಳಿಸುತ್ತೇವೆ. ಇನ್ನೊಂದು ವಿಷಯ: ಕಿಟಕಿ, ಬಾಗಿಲ ಸಂದಿಗಳನ್ನು ಮೊದಲು ಮುಚ್ಚಿಸಿ. ಶಾಖ ಸೋರುವ ಮನೆಯಲ್ಲಿ ಕಡಿಮೆ ಬಿಸಿಯ ನೀರು ಸಾಲುವುದಿಲ್ಲ.

ಮತ್ತೊಬ್ಬರ ಉತ್ತರ: ಒಂದು ಮಾತು ಸೇರಿಸುತ್ತೇನೆ, ಯಾಕಂದ್ರೆ ಹೊಸಬರು ಇದಕ್ಕೆ ಗಾಬರಿಯಾಗುತ್ತಾರೆ. ತೇವದ ಚಳಿಯಲ್ಲಿ ಹೊರಗಿನ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಆಗ ಯಂತ್ರ ಕೆಲವು ನಿಮಿಷ ಉಲ್ಟಾ ಓಡಿ, ಒಳಗಿನ ಶಾಖವನ್ನೇ ಹೊರಗೆ ಕಳಿಸಿ ಹಿಮ ಕರಗಿಸುತ್ತದೆ. ಫ್ಯಾನ್ ನಿಲ್ಲುತ್ತದೆ, ಹೊಗೆಯಂತೆ ಆವಿ ಏಳುತ್ತದೆ, ನೀರು ಸುರಿಯುತ್ತದೆ. ಕೆಟ್ಟಿಲ್ಲ, ಸುಮ್ನೆ ಬಿಡಿ. ಪೆಟ್ಟಿಗೆಯ ಸುತ್ತ ಗಾಳಿಯಾಡಲು ಜಾಗ ಇರಲಿ, ಕರಗಿದ ನೀರು ಓಡಾಡುವ ದಾರಿಗೆ ಹರಿದು ಗಟ್ಟಿಯಾಗದಂತೆ ನೋಡಿಕೊಳ್ಳಿ. ಹಿಮ ಕರಗದೆ ದಪ್ಪವಾಗುತ್ತಲೇ ಹೋದರೆ ಮಾತ್ರ ಟೆಕ್ನಿಷಿಯನ್ ಕರೆಸಿ.