ಅಡಿಕೆ ಸುಗ್ಗಿಗೆ ಮೊದಲು ಕಣ್ಣಿಗೆ ಲೇಸರ್ ಚಿಕಿತ್ಸೆ ಮಾಡಿಸಿಕೊಳ್ಳಬಹುದೇ?

ಪ್ರಶ್ನೆ (ತೀರ್ಥಹಳ್ಳಿ):
ನಾನು ಅಡಿಕೆ ಬೆಳೆಗಾರ, ವಯಸ್ಸು 25. ಎರಡೂ ಕಣ್ಣಿಗೆ ಮೈನಸ್ 4.5 ಪವರ್ ಇದೆ. ಎರಡು ವರ್ಷದಿಂದ ಬದಲಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವಾಗ ಗೊನೆ ನೋಡಲು ತಲೆಯೆತ್ತಿದರೆ ಕನ್ನಡಕದ ತುಂಬ ಮಳೆಹನಿ ಮತ್ತು ಮೈಲುತುತ್ತ, ಸುಣ್ಣದ ಕಲೆ. ಸೆಪ್ಟೆಂಬರ್ ಕೊನೆಯಲ್ಲಿ ಲೇಸಿಕ್ ಮಾಡಿಸಿಕೊಂಡರೆ ಕೊಯ್ಲು ಶುರುವಾಗುವ ಹೊತ್ತಿಗೆ ಅಡಿಕೆ ಬೇಯಿಸುವ ಒಲೆಯ ಮುಂದೆ ನಿಲ್ಲಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ (ಶಿವಮೊಗ್ಗ):
ದಿನ ಗೊತ್ತುಮಾಡುವ ಮೊದಲು ತಪಾಸಣೆ ಮಾಡಿಸಿಕೊಳ್ಳಿ. ನಾನೂ ಲೇಸಿಕ್ ಎಂದೇ ಹೋದವನು. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ತೆಳುವಾಗಿದೆ ಎಂದು ಪಿಆರ್‌ಕೆ ಎಂಬ ಇನ್ನೊಂದು ಬಗೆಯ ಲೇಸರ್ ಚಿಕಿತ್ಸೆ ಮಾಡಿದರು. ಸಾಮಾನ್ಯವಾಗಿ ಕಾರ್ನಿಯಾದ ನಡುಭಾಗ ಸುಮಾರು 540 ಮೈಕ್ರಾನ್ ದಪ್ಪವಿರುತ್ತದೆ, ಅಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಒಂದು ಪವರ್ ಇಳಿಸಲು ಸುಮಾರು 12ರಿಂದ 16 ಮೈಕ್ರಾನ್ ಸವೆಸಬೇಕಾಗುತ್ತದೆ. ಲೇಸಿಕ್‌ನಲ್ಲಿ ಮೇಲ್ಪದರವನ್ನು ಸೀಳಿ ಹಾಳೆಯಂತೆ ಮಗುಚುವುದರಿಂದ ಆ ಪದರದ ದಪ್ಪವನ್ನೂ ಕಳೆದು, ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕು. ದಪ್ಪವಿದ್ದರೂ ಕಾರ್ನಿಯಾ ಮುಂದಕ್ಕೆ ಚೂಪಾಗುತ್ತಿರುವ ಲಕ್ಷಣ ತಪಾಸಣೆಯಲ್ಲಿ ತೆಗೆಯುವ ಕಾರ್ನಿಯಾದ ಆಕಾರದ ನಕ್ಷೆಯಲ್ಲಿ ಕಂಡರೆ ಲೇಸಿಕ್ ಮಾಡುವುದಿಲ್ಲ.

ಪಿಆರ್‌ಕೆಯಲ್ಲಿ ಹೊರಚರ್ಮವನ್ನೇ ತೆಗೆಯುತ್ತಾರೆ. ಅದು ಮತ್ತೆ ಬೆಳೆಯಲು ಮೂರರಿಂದ ಐದು ದಿನ ಬೇಕು. ಎರಡನೆಯ ರಾತ್ರಿ ನನಗೆ ಬಹಳ ಕಷ್ಟವಾಯಿತು. ದೀಪ ಆರಿಸಿದ ಕೋಣೆಯಲ್ಲಿ ಬಾಗಿಲ ಸಂದಿನ ಬೆಳಕೂ ಚುಚ್ಚುತ್ತಿದ್ದುದರಿಂದ ಅಮ್ಮ ಆ ಸಂದಿಗೆ ಕಂಬಳಿ ಮಡಚಿ ಇಟ್ಟು, ಹೊತ್ತುಹೊತ್ತಿಗೆ ಹನಿ ಹಾಕಿದರು. ಗಾಯ ಮಾಯುವವರೆಗೆ ಕಣ್ಣಿನ ಮೇಲೆ ಇಟ್ಟಿದ್ದ ಬ್ಯಾಂಡೇಜ್ ಲೆನ್ಸನ್ನು ಐದನೆಯ ದಿನ ತೆಗೆದರು. ಅಕ್ಷರ ಪೂರ್ತಿ ತಿಳಿಯಾಗಲು ಎರಡು ತಿಂಗಳು ಹಿಡಿಯಿತು.

ಉತ್ತರ (ಸಾಗರ):
ನನ್ನದು ಲೇಸಿಕ್. ಮರುದಿನ ಬೆಳಿಗ್ಗೆ ಹಾಸಿಗೆಯಿಂದಲೇ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಕಂಡು ಅತ್ತುಬಿಟ್ಟೆ. ಆದರೆ ಕಾರ್ನಿಯಾದ ನರಗಳು ತುಂಡಾಗುವುದರಿಂದ ಕೆಲವು ತಿಂಗಳು ಕಣ್ಣು ಒಣಗುತ್ತದೆ ಎಂಬುದನ್ನು ನಾನು ಮಾಡಿಸಿಕೊಂಡ ಕಡೆ ಬಿಡಿಸಿ ಹೇಳಿರಲಿಲ್ಲ. ಬಚ್ಚಲ ಒಲೆಯ ಹೊಗೆಗೇ ಉರಿಯುತ್ತಿತ್ತು. ಮೂರು ತಿಂಗಳು ಕೃತಕ ಕಣ್ಣೀರಿನ ಹನಿ ಬಿಟ್ಟಿರಲಿಲ್ಲ. ರಾತ್ರಿ ಎದುರು ವಾಹನದ ದೀಪದ ಸುತ್ತ ಬೆಳಕಿನ ಬಳೆ ಕಾಣುತ್ತಿತ್ತು. ಅಡಿಕೆ ಬೇಯಿಸುವ ಹೊಗೆಯಲ್ಲಿ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ, ಉಜ್ಜಿದರೆ ಮುಚ್ಚಿದ ಪದರ ಸರಿಯಬಹುದು. ಸುಗ್ಗಿಯ ಮುಂಚೆ ಬೇಡವೆಂದೇ ನನ್ನ ಮಾತು. ಸುಗ್ಗಿ ಮುಗಿದ ಮೇಲೆ ಮಾಡಿಸಿಕೊಂಡರೆ ಮಳೆಗಾಲದ ಔಷಧಿ ಕೆಲಸದವರೆಗೆ ಮೂರು ತಿಂಗಳಾದರೂ ಸಿಗುತ್ತದೆ.

ಪ್ರಶ್ನೆ ಕೇಳಿದವರು:
ಅಕ್ಕ, ಹೊಗೆಯ ವಿಷಯ ಮನಸ್ಸಿಗೆ ನಾಟಿತು. ಶಸ್ತ್ರಚಿಕಿತ್ಸೆಯನ್ನು ಫೆಬ್ರವರಿ ಕೊನೆಗೆ ಇಟ್ಟುಕೊಳ್ಳುತ್ತೇನೆ, ತಪಾಸಣೆಯನ್ನು ಮಾತ್ರ ಈಗಲೇ ಮಾಡಿಸುತ್ತೇನೆ. ಮದುವೆಮನೆಗಳಿಗೆ ಸಾಫ್ಟ್ ಲೆನ್ಸ್ ಹಾಕುತ್ತೇನೆ. ಅದನ್ನು ಎಷ್ಟು ದಿನ ಮೊದಲು ಬಿಡಬೇಕು?

ಉತ್ತರ (ಶಿವಮೊಗ್ಗ):
ನನಗೆ ಎರಡು ವಾರ ಬಿಡಿಸಿದ್ದರು. ಲೆನ್ಸ್ ಒತ್ತಿ ಕಾರ್ನಿಯಾದ ಆಕಾರ ಸ್ವಲ್ಪ ಬದಲಾಗಿರುತ್ತದೆ, ಅಳತೆ ತಪ್ಪುತ್ತದೆ. ಹೋಗುವಾಗ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಬೈಕ್ ಓಡಿಸಲಾಗುವುದಿಲ್ಲ.