ಹಿತ್ತಲಲ್ಲಿ ಕಡಕ್‌ನಾಥ್ ಅನ್ನೋ ಕಪ್ಪು ಕೋಳಿ ತಳಿ ಕೆಡದಂತೆ ಮರಿ ಮಾಡಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಸೇಡಂ ರೋಡ್ ಹಿತ್ತಲು:
ನಮಸ್ಕಾರ. ಕಲಬುರಗಿಯಲ್ಲಿ ಸೇಡಂ ರೋಡ್ ಕಡೆ ನಮ್ಮ ಮನೆ. ಕಡಕ್‌ನಾಥ್ ಹುಂಜ ಒಂದು, ಹ್ಯಾಟೆ ಐದು ಇವೆ. ಹ್ಯಾಟೆಗಳು ಕಾವಿಗೆ ಕೂರುತ್ತಿಲ್ಲ. ಪಕ್ಕದ ಮನೆಯ ಜವಾರಿ ಹುಂಜ ಗೋಡೆ ಹಾರಿ ಬರುತ್ತದೆ. ತಳಿ ಉಳಿಸಿಕೊಳ್ಳಬೇಕು. ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಡೋ ಯಂತ್ರ) ತಗೊಳ್ಳಲಾ, ಬೇಡವಾ?

ಹುಮನಾಬಾದ್ ಕಾಕಾ:
ಮೊದಲು ನಿಮ್ಮವು ಅಸಲಿ ಹೌದೋ ಅಲ್ಲವೋ ನೋಡಿಕೊಳ್ಳಿ. ನಾನು ಮರಿಗೆ 120 ರೂಪಾಯಿಯಂತೆ 40 ಮರಿ ತಂದೆ. 4,800 ಆಯ್ತು. ರಟ್ಟಿನ ಡಬ್ಬಿಗೆ 150, ಬಸ್ಸಿನ ಲಗೇಜಿಗೆ 200 ಬೇರೆ. ಮಾರಿದವನು "ಜಿಐ ಟ್ಯಾಗ್ ಇರೋ ಮಾಲು ಕಾಕಾ" ಅಂದಿದ್ದ. ಆ ಟ್ಯಾಗ್, ಅಂದರೆ ಒಂದು ಊರಿನ ವಿಶೇಷ ಮಾಲಿಗೆ ಸಿಗೋ ಸರ್ಕಾರಿ ಗುರುತು, 2018ರಲ್ಲಿ ಸಿಕ್ಕಿದ್ದು ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕ್‌ನಾಥ್ ಮಾಂಸಕ್ಕೆ. ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿಯೊಳಗೆ ಕಿಚಿಕಿಚಿ ಅನ್ನೋ ಮರಿಗಳಿಗಲ್ಲ.

ಮರಿ ಇದ್ದಾಗ ಎಲ್ಲ ಕಪ್ಪಗೇ ಇದ್ದವು. ದೊಡ್ಡವಾದ ಮೇಲೆ ಬಾಯಿ ತೆರೆಸಿ ನೋಡಿದರೆ ಅರ್ಧಕ್ಕರ್ಧ ಗುಲಾಬಿ ನಾಲಿಗೆ. ಜುಟ್ಟು ಕೆಂಪು. ಒಂದಕ್ಕಂತೂ ಹಳದಿ ಕಾಲು! ಫೋನ್ ಮಾಡಿದರೆ "ನಿಮ್ಮ ಕಡೆ ಬಿಸಿಲು ಜಾಸ್ತಿ, ಬಣ್ಣ ಹೋಗಿರುತ್ತೆ" ಅಂತಾನೆ. ಕೋಳಿ ಏನು ಸೀರೆಯಾ ಬಣ್ಣ ಬಿಡೋಕೆ? ನಾಲಿಗೆ, ಜುಟ್ಟು, ಕಾಲು, ಚರ್ಮ ಕಪ್ಪಿದ್ದರೆ ಮಾತ್ರ ಅಸಲಿ. ಅಷ್ಟೇ.

ಶಹಾಪುರದ ಅಕ್ಕ:
ಅಷ್ಟೇ ಅಲ್ಲ ಕಾಕಾ. ಕಪ್ಪು ಇದ್ದದ್ದೆಲ್ಲ ಅಸಲಿ ಆಗಿದ್ದರೆ ನನ್ನ ಎರಡು ವರ್ಷ ಹಾಳಾಗುತ್ತಿರಲಿಲ್ಲ. ಆ ಕಪ್ಪು ಜೋರಾದ ಗುಣ. ಜವಾರಿ ಜೊತೆ ಬೆರಕೆಯಾದರೂ ಮೊದಲ ಪೀಳಿಗೆಯಲ್ಲಿ ಎಷ್ಟೋ ಮರಿ ಕಪ್ಪಾಗೇ ಬರುತ್ತವೆ. ಅವನ್ನೇ ಮುಂದಕ್ಕೆ ಕೂಡಿಸಿದಾಗ ಬಿಳಿ ಚರ್ಮದವು ಹುಟ್ಟುತ್ತವೆ. ಹಾಗೆ ಹುಟ್ಟಿದವನ್ನು ಅಸಲಿ ಅಂತ ಕೊಟ್ಟಿದ್ದೇನೆ ಅಂತ ಸಂಬಂಧಿಕರೊಬ್ಬರು ಮದುವೆ ಮನೆಯಲ್ಲಿ ಎಲ್ಲರೆದುರು ಅಂದರು.

ಈಗ ನಾನು ಲೆಕ್ಕ ಇಡುತ್ತೇನೆ. ಪ್ರತಿ ಮರಿಯ ಕಾಲಿಗೆ ಬಣ್ಣದ ಕೇಬಲ್ ಟೈ. ತಿಂಗಳಿಗೊಮ್ಮೆ ಕತ್ತರಿಸಿ ಹೊಸದು ಹಾಕಬೇಕು, ಇಲ್ಲಾಂದರೆ ಕಾಲಿಗೆ ಕಚ್ಚಿಕೊಳ್ಳುತ್ತೆ. ಯಾವ ಹುಂಜ, ಯಾವ ಹ್ಯಾಟೆ ಅಂತ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿರುತ್ತೇನೆ. ಬೇರೆ ಹುಂಜ ಒಂದು ಸಲ ಹತ್ತಿದರೂ ಸಾಕು, ಎರಡು ಮೂರು ವಾರ ಅದರದೇ ಮರಿ ಬರಬಹುದು. ಅದಕ್ಕೇ ಹ್ಯಾಟೆಗಳನ್ನು ಪೂರ್ತಿ ಒಂದು ತಿಂಗಳು ಜಾಲರಿಯೊಳಗೆ ಇಟ್ಟು, ಆ ಮೊಟ್ಟೆಯೆಲ್ಲ ತಿಂದು, ಆಮೇಲಿನವನ್ನೇ ಮರಿಗೆ ಇಡುತ್ತೇನೆ. ಹುಂಜವನ್ನು ಅದರದೇ ಮಕ್ಕಳ ಮೇಲೆ ಬಿಡೋದಿಲ್ಲ. ಬಿಟ್ಟವರ ಮನೆಯಲ್ಲಿ ಮೊಟ್ಟೆ ಒಡೆಯೋದೇ ಕಮ್ಮಿ ಆಗಿದ್ದು ನೋಡಿದ್ದೇನೆ.

ಕಾವಿಗೆ ನನ್ನ ಜವಾರಿ ಹ್ಯಾಟೆ ಇದೆ. ಖರ್ಚು ಒಂದು ಹಿಡಿ ಜೋಳ.

ಆಳಂದದ ಅಸೀಲ್:
ಕೂರದ ಕೋಳಿಯನ್ನು ಸಾಕಿ, ಕೂರಿಸೋಕೆ ಇನ್ನೊಂದು ಕೋಳಿ ಸಾಕೋದಾ? ಅಸೀಲ್ ತಳಿಯ ಕೋಳಿ ಸಾಕಿ ಅಣ್ಣಾ. ಮೊಟ್ಟೆ ಕಮ್ಮಿ, ಒಪ್ಪುತ್ತೇನೆ. ಆದರೆ ಹ್ಯಾಟೆ ಕೂತಿತೆಂದರೆ ನಾಗರಹಾವು ಬಂದರೂ ಎದ್ದೇಳಲ್ಲ. ಮೈ ಭಾರ, ಆಗಾಗ ಒಂದೆರಡು ಮೊಟ್ಟೆ ತುಳಿದು ಒಡೆಯುತ್ತೆ.

ಕಡಕ್‌ನಾಥ್ ಹೆಸರಲ್ಲಿ 2019ರಲ್ಲಿ ಸಾಂಗ್ಲಿ ಕಡೆ ಎಷ್ಟು ರೈತರು ದುಡ್ಡು ಕಳೆದುಕೊಂಡರು, ನೆನಪಿದೆಯಾ? ನನಗೂ ನಷ್ಟ ಆಗಿದೆ, ಆದರೆ ಬೇರೆ ಥರ. 4,500 ಕೊಟ್ಟು ತಂದ ಹುಂಜ, ಪಕ್ಕದ ಗೂಡಿನ ಹುಂಜದ ಜೊತೆ ಜಾಲರಿಯ ಸಂದಿಯಲ್ಲೇ ಕಾದಾಡಿತು. ಒಂದು ಕಣ್ಣು ಹೋಯ್ತು. ಡಾಕ್ಟರ್, ಮುಲಾಮು ಸೇರಿ 900. ಆಮೇಲೆ ಗೂಡಿನ ಕೆಳಗಿನ ಎರಡಡಿಗೆ ತಗಡು ಹೊಡೆಸಿದೆ, 1,350. ಒಂದನ್ನೊಂದು ನೋಡಲೇಬಾರದು.

ಹುಮನಾಬಾದ್ ಕಾಕಾ:
ಅಸೀಲ್ ಸಾಕೋದು ಯಾಕೆ ಅಂತ ಎಲ್ಲರಿಗೂ ಗೊತ್ತು. ಸಂಕ್ರಾಂತಿ ಹೊತ್ತಿಗೆ ತೆಲಂಗಾಣದ ಗಾಡಿ ಬರುತ್ತಲ್ಲ.

ಆಳಂದದ ಅಸೀಲ್:
ಕಾಕಾ, ಬಾಯಿ ಬಿಗಿ ಹಿಡಿದು ಮಾತಾಡಿ. ಕೋಳಿ ಜಗಳ ಆಡಿಸೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ, ನನಗೂ ಗೊತ್ತು. ಆಡಿಸುವವನಾಗಿದ್ದರೆ ಕಣ್ಣು ಹೋದ ಹುಂಜವನ್ನು ಇಟ್ಟುಕೊಂಡು ಮೇವು ಹಾಕುತ್ತಿದ್ದೆನಾ? ಹೈದರಾಬಾದಿನ ರಾಜೇಂದ್ರನಗರದಲ್ಲಿ ಸರ್ಕಾರದ ಕೋಳಿ ಸಂಶೋಧನೆ ಸಂಸ್ಥೆಯೇ ಅಸೀಲ್ ತಳಿ ಕಾಪಾಡುತ್ತಿದೆ. ಅವರೂ ಜೂಜುಕೋರರಾ?

ಬ್ರಹ್ಮಪುರ ಟೆರೇಸ್:
ಜಗಳ ಬಿಡಿ. ಇನ್‌ಕ್ಯುಬೇಟರ್ ಬಗ್ಗೆ ಯಾರೂ ಹೇಳಲಿಲ್ಲ. ನಾನು 6,200 ಕೊಟ್ಟು ತಂದೆ. ಕರೆಂಟ್ ನಂಬೋಕಾಗಲ್ಲ ಅಂತ ಇನ್ವರ್ಟರ್ ಬ್ಯಾಟರಿ, 14,500. ತೇವ ನೋಡೋ ಮೀಟರ್ 350. ಅದು ಸುಳ್ಳು ತೋರಿಸುತ್ತೆ ಅಂತ ಇನ್ನೊಂದು, 600. ಎರಡೂ ಬೇರೆ ಬೇರೆ ತೋರಿಸುತ್ತವೆ.

ಫೆಬ್ರವರಿ ತನಕ ರಾಜನ ಹಾಗೆ ಇತ್ತು. 37.5 ಡಿಗ್ರಿ, ತೇವ 50ರ ಮೇಲೆ, ಕೊನೇ ಮೂರು ದಿನ ನೀರು ಜಾಸ್ತಿ ಇಟ್ಟು 65ಕ್ಕೆ. 21ನೇ ದಿನ ಟಪಟಪ ಒಡೆದವು. ಮೇ ಬಂತು ನೋಡಿ. ಹೊರಗೆ 43, ಟೆರೇಸ್ ರೂಮಿನಲ್ಲಿ ಅದಕ್ಕಿಂತ ಮೇಲೆ. ಯಂತ್ರಕ್ಕೆ ಬಿಸಿ ಮಾಡೋದು ಗೊತ್ತು, ತಂಪು ಮಾಡೋದು ಗೊತ್ತಿಲ್ಲ. ಬಲ್ಬ್ ಆರಿಹೋಗಿದೆ, ಒಳಗಿನ ಬಿಸಿ ಮಾತ್ರ 40 ಡಿಗ್ರಿ ತೋರಿಸುತ್ತಿದೆ. ಮೊಟ್ಟೆ ಒಡೆದು ನೋಡಿದರೆ ಅರ್ಧ ಬೆಳೆದ ಮರಿ, ಕೊಕ್ಕು ಬಂದಿದೆ, ಪುಕ್ಕ ಬಂದಿದೆ, ಜೀವ ಇಲ್ಲ. ಹೆಂಡತಿ ಆ ದಿನ ಊಟ ಮಾಡಲಿಲ್ಲ.

ಮೊಟ್ಟೆ ಕೂಡಿಡೋದಿದ್ದರೆ ಒದ್ದೆ ಮರಳಿನ ಮೇಲೆ ಮಡಕೆ ಇಟ್ಟು, ಅದರೊಳಗೆ ಚೂಪು ತುದಿ ಕೆಳಗೆ ಮಾಡಿ ಇಡಿ. ಒಂದು ವಾರದ ಮೇಲೆ ಬೇಡ.

ಹುಮನಾಬಾದ್ ಕಾಕಾ:
ಇಪ್ಪತ್ತು ಸಾವಿರ ಡಬ್ಬಿಗೆ ಸುರಿದು ಬಿಸಿಲನ್ನು ಬೈತಾರೆ! ಪ್ಲಾಸ್ಟಿಕ್ ಡಬ್ಬಿ ತಾಯಿ ಆಗುತ್ತಾ?

ಶಹಾಪುರದ ಅಕ್ಕ:
ಮರಿ ಹುಟ್ಟಿದರೆ ಆಯ್ತಾ? ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಗೂಡು ಗುಡಿಸಿ ಹೋಗುತ್ತೆ. ಅದಕ್ಕೆ ಎರಡು ಲಸಿಕೆ: ಮೊದಲ ವಾರ ಲಸೋಟ ಕಣ್ಣಿಗೆ ಹನಿ, ಎಂಟು ವಾರಕ್ಕೆ ಆರ್‌ಟುಬಿ ಸೂಜಿ, ತಪ್ಪಿಸಬಾರದು. ನನ್ನ ಹತ್ತಿರ ಇರೋದು ಎಂಟು ಮರಿ, ನಮ್ಮೂರಿನ ಅಂಗಡಿಯಲ್ಲಿ ನೂರು ಡೋಸಿಗಿಂತ ಚಿಕ್ಕ ಬಾಟಲಿ ಸಿಗಲ್ಲ. ಥರ್ಮಾಸಿನಲ್ಲಿ ಐಸ್ ಹಾಕಿ ತರಬೇಕು. ನಮ್ಮ ಓಣಿಯಲ್ಲಿ ಐದು ಮನೆಯವರು ಸೇರಿ ಒಂದೇ ಬೆಳಿಗ್ಗೆ ಹಾಕಿಸುತ್ತೇವೆ.

ಆಳಂದದ ಅಸೀಲ್:
ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮುಂದಿನ ವಾರ ಹಾಕಬಹುದಲ್ಲ ಅಕ್ಕಾ. ನಾನು ಹಾಗೇ ಮಾಡೋದು.

ಶಹಾಪುರದ ಅಕ್ಕ:
ನೀವು ಹಾಕುತ್ತಿರೋದು ಬರೀ ನೀರು. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ನಂಬಿಕೆ ಇಲ್ಲದಿದ್ದರೆ ಬೀದರಿನ ವೆಟರ್ನರಿ ಕಾಲೇಜಿನಲ್ಲಿ ಕೇಳಿ.

ಆಳಂದದ ಅಸೀಲ್:
ನನ್ನ ಕೋಳಿ ಒಂದೂ ಸತ್ತಿಲ್ಲ. ಕಾಲೇಜಿನವರು ನನ್ನ ಗೂಡು ನೋಡಿದ್ದಾರಾ?

ಸೇಡಂ ರೋಡ್ ಹಿತ್ತಲು:
ಎಲ್ಲರಿಗೂ ಧನ್ಯವಾದ. ಹಾಗಾದರೆ ಇನ್‌ಕ್ಯುಬೇಟರ್ ಬೇಡ. ಅಕ್ಕಾ, ಕಾವಿಗೆ ಕೂತ ಜವಾರಿ ಹ್ಯಾಟೆ ಸಿಗುತ್ತಾ?

ಶಹಾಪುರದ ಅಕ್ಕ:
ನನ್ನದು ಕೊಡಲ್ಲ. ಸಂತೆಯಲ್ಲಿ ನೋಡಿ. ಕಾವಿಗೆ ಕೂತಿದೆ ಅಂತ ಮಾರುವವರು ಹೇಳಿದರೆ ನಂಬಬೇಡಿ, ಹೊಟ್ಟೆ ಕೆಳಗೆ ಕೈ ಹಾಕಿ. ಪುಕ್ಕ ಉದುರಿ ಬಿಸಿ ತಗುಲಬೇಕು, ಕೈಗೆ ಕುಕ್ಕಬೇಕು.

ಬ್ರಹ್ಮಪುರ ಟೆರೇಸ್:
ಯಾರಿಗಾದರೂ ಇನ್‌ಕ್ಯುಬೇಟರ್ ಬೇಕಾದರೆ ನನ್ನದಿದೆ. 4,000. ಬ್ಯಾಟರಿ ಕೊಡಲ್ಲ.

ಹುಮನಾಬಾದ್ ಕಾಕಾ:
2,500ಕ್ಕೆ ಬಿಡ್ತೀರಾ?

ಆಳಂದದ ಅಸೀಲ್:
ಈಗ ತಾನೇ ಅದನ್ನು ಬೈದಿರಲ್ಲ ಕಾಕಾ!

ಹುಮನಾಬಾದ್ ಕಾಕಾ:
ನಿಮ್ಮನ್ನು ಕೇಳಲಿಲ್ಲ. ನಮ್ಮ ಮನೆ ಮಣ್ಣಿನ ಮಾಳಿಗೆ, ಮೇ ತಿಂಗಳಲ್ಲೂ ಒಳಗೆ ತಂಪು. ಟೆರೇಸಿನಲ್ಲಿ ಇಟ್ಟವರ ಹಣೆಬರಹಕ್ಕೆ ನಾನೇನು ಮಾಡಲಿ?

ಬ್ರಹ್ಮಪುರ ಟೆರೇಸ್:
ಫ್ಯಾನ್ ಹೊಸದು ಹಾಕಿಸಿದ್ದೇನೆ. 3,800. ಅದಕ್ಕಿಂತ ಕೆಳಗೆ ಕೇಳಬೇಡಿ. ಪ್ಲಾಸ್ಟಿಕ್ ಡಬ್ಬಿ ಅಂದಿದ್ದಕ್ಕೆ ನಿಮಗೆ ನಿಜವಾಗಿ 4,200 ಹೇಳಬೇಕು.